ಕುಂಕುಮ ಹಚ್ಚಿಸಿಕೊಂಡ ಕ್ಯಾಮೆರಾ

ಅಪ್ಪನ ಒಂದು ಫೋಟೋ ನಾನೇ ತೆಗೆದಿದ್ದೆ ಎಂದು ನನ್ನ ನೆನಪು. ಈ ವಾಕ್ಯವನ್ನು ಪೂರ್ತಿ ನಂಬಬೇಡಿ. ಕಮಲಾಪುರದ ಅತ್ತೆಯ ತೋಟ, ಕೆಂಪು ಬಾಳೆಗಿಡದ ಕೆಳಗೆ ಅಪ್ಪ, ನನ್ನ ಪುಟ್ಟ ಬೆರಳಿನಡಿ 'ಕ್ಲಿಕ್'. ಇಷ್ಟು ಸ್ಪಷ್ಟವಾಗಿರುವುದೇ ನನಗೆ ಅನುಮಾನ. ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದ್ದರ ಲಾಭ ಇದು: ಉಳಿದವರು ಮರೆವಿಗೆ ಹೆದರಿದರೆ ನಾನು ನೆನಪಿಗೆ ಹೆದರುತ್ತೇನೆ.

ನೆಂಟರ ಮದುವೆ ಮುಂಜಿವೆಗಳಲ್ಲಿ ಎಲ್ಲರ ಫೋಟೋ ತೆಗೆದ ಅಪ್ಪ, ತಾನು ಮಾತ್ರ ಯಾವುದರಲ್ಲೂ ಇಲ್ಲ. ಅವನು ತೀರಿಕೊಂಡಾಗ ಗೋಡೆಗೆ ಹಾಕಲು ಸಿಕ್ಕಿದ್ದು ಗುರುತಿನ ಚೀಟಿಯ ಮುಖವೊಂದೇ. ಅದರಲ್ಲಿ ಇಂಜೆಕ್ಷನ್ನಿಗೆ ಕಾದು ಕೂತವನಂತೆ ಕಾಣುತ್ತಾನೆ. ಹೊಸ ಕ್ಯಾಮೆರಾ ಬಂದ ಮೇಲೆ ಅವನು ತಂಗಿಯ, ಅಂದರೆ ಇದೇ ಅತ್ತೆಯ, ಮನೆಯಲ್ಲಿ ಮರೆತುಬಿಟ್ಟ ಹಳೆಯದು ಈಚೆಗೆ ನನ್ನ ಕೈಸೇರಿತು. ರೋಲ್ ಸುತ್ತುವ ಗುಂಡಿ ತಿರುಗಿಸಿದರೆ ಒಳಗೆ ಬಿಗಿ ಹತ್ತಿತು: ರೋಲ್ ಇನ್ನೂ ಅದರಲ್ಲೇ ಇದೆ! ಆದರೆ ಲಿವರ್ ಅಲ್ಲಾಡದು, ರೋಲ್ ಹಿಂದಕ್ಕೆ ಸುತ್ತದು. ಹಿಂಬದಿಯ ಮುಚ್ಚಳ ತೆರೆದರೆ ಬೆಳಕು ಬಿದ್ದು ಎಲ್ಲ ಹಾಳು. ತೆರೆಯದಿದ್ದರೆ ಅಪ್ಪ ಒಳಗೇ.

ಅಂತರ್ಜಾಲದ ಪಂಡಿತರು ಹೇಳಿದಂತೆ ತಟ್ಟಿದೆ, ಅಲುಗಿಸಿದೆ, ಬೈದೆ (ಇದು ಅವರು ಹೇಳಿದ್ದಲ್ಲ). ಕೊನೆಗೆ ನಮ್ಮ ಶಹರದ ಮೋಮಿನಪುರದಲ್ಲಿ ಗಡಿಯಾರ ರಿಪೇರಿ ಮಾಡುವ ಚಾಚಾನ ಅಂಗಡಿಗೆ ಹೋದೆ.

"ಬ್ಯಾಟರಿ ಖತಂ ಆಗ್ಯಾದ," ಎಂದ, ನೋಡುವ ಮೊದಲೇ.

"ಇದಕ್ಕ ಬ್ಯಾಟರಿನೇ ಇಲ್ರಿ ಚಾಚಾ."

"ನೋಡ್ರಿ ಮತ್ತ, ಅಷ್ಟು ಖತಂ ಆಗ್ಯಾದ! ತರ್ರಿ ಇಲ್ಲಿ. ಹಲ್ಲಿನ ಚಕ್ರ ಅದಾವಂದ್ರ ನಮ್ ಖಾಂದಾನಿಂದೇ."

ಲಿವರಿನ ಟೋಪಿ ಬಿಚ್ಚಿ, ಪೆಟ್ರೋಲಿನಲ್ಲಿ ಅದ್ದಿದ ಹತ್ತಿ ಒಳಗಾಡಿಸಿದ. ಹತ್ತಿ ಕೆಂಪಾಗಿ ಹೊರಬಂತು.

"ಯಾ ಅಲ್ಲಾ, ಖೂನ್!"

ಮೂಸಿ ನೋಡಿದೆ. ಪೆಟ್ರೋಲನ್ನೂ ಮೀರಿ ದೇವರ ಮನೆಯ ವಾಸನೆ. ತಕ್ಷಣ ಅತ್ತೆಗೆ ಫೋನ್ ಹಚ್ಚಿದೆ.

"ಅತ್ತೀ, ಕ್ಯಾಮೆರಾಕ್ಕ ಏನ್ ಮಾಡಿದ್ದಿ?"

"ನಾ ಏನ್ ಮಾಡ್ಲವಾ? ವರ್ಷಾ ಮಹಾನವಮಿಗಿ ಕುಡಗೋಲಿನ ಜೋಡಿ ಇಟ್ಟು ಅರಿಷಿಣ ಕುಂಕುಮ ಹಚ್ಚೀನಿ. ಅಣ್ಣನ ಹತ್ಯಾರ ಅದು, ಬಿಡಾಕ ಬರ್ತದೇನು? ಕೀಲು ಹಿಡೀಬಾರದಂತ ಒಂದೊಂದು ಹನಿ ಕೊಬ್ಬರಿ ಎಣ್ಣೀನೂ ಬಿಟ್ಟೀನಿ."

ಚಾಚಾ ನಕ್ಕು ಕನ್ನಡಕ ಒರೆಸಿಕೊಂಡ. "ಪೂಜಿ ಜಾಸ್ತಿ ಆಗಿ ದೇವರು ಏಳವಲ್ಲ ಅಷ್ಟೇ!"

ನಾನೂ ನಕ್ಕೆ. ಆದರೆ ನನ್ನ ನೆನಪಿಗೂ ಇದೇ ಗತಿಯಲ್ಲವೇ? ಬೇಕೆನಿಸಿದಾಗ ಹೊರಗೆ ತೆಗೆದು, ಬಣ್ಣ ಹಚ್ಚಿ, ಕೈಮುಗಿದು ಒಳಗಿಡುತ್ತೇನೆ. ಹಚ್ಚಿದ್ದು ಯಾವುದು, ಮೊದಲಿಂದ ಇದ್ದದ್ದು ಯಾವುದು ಎಂದು ಹತ್ತಿಯಿಂದ ಒರೆಸಿ ನೋಡುವ ಧೈರ್ಯ ಇಲ್ಲ.

ಒತ್ತಿದರೆ ರೋಲ್ ಹಿಂದಕ್ಕೆ ಸುತ್ತಲು ಬಿಡುವ, ಕ್ಯಾಮೆರಾದ ತಳದ ಗುಂಡಿಯಲ್ಲೂ ಅದೇ ಕೆಂಪು ಗಸಿ. ಅದನ್ನು ನಾನು ಸೂಜಿಯಿಂದ ಕೆದಕಿದೆ, ಲಿವರನ್ನು ಚಾಚಾ ಒರೆಸಿದ. ಕಡೆಗೊಮ್ಮೆ 'ಕಟ್' ಎಂದು ಸಡಿಲವಾಯಿತು. ರೋಲನ್ನು ಡಬ್ಬಿಯೊಳಕ್ಕೆ ಸುತ್ತಿದೆ. ಅದನ್ನು ತೊಳೆದು ಚಿತ್ರ ಮೂಡಿಸುವವರು ನಮ್ಮ ಶಹರದಲ್ಲಿ ಸಿಗಲಿಲ್ಲ. ಪುಣೆಗೆ ಪಾರ್ಸೆಲ್ ಹೋಯಿತು.

ಬಂದ ಚಿತ್ರಗಳಲ್ಲಿ ಬಹುಪಾಲು ಬರೀ ಮಂಜು. ಒಂದೇ ಒಂದು ಉಳಿದಿತ್ತು. ಬಾಳೆಗಿಡದ ಕೆಳಗೆ ಅಪ್ಪ, ಬಾಯ್ತುಂಬ ನಗುತ್ತಿದ್ದಾನೆ. ನೆತ್ತಿ ಚೂರು ಕತ್ತರಿಸಿಹೋಗಿದೆ. ಅವನ ಕಂಕುಳಲ್ಲಿ, ಅರ್ಧ ಹಣ್ಣು ಬಾಯಿಗಿಟ್ಟುಕೊಂಡು, ನಾನು!

ಅಂದರೆ ಆ 'ಕ್ಲಿಕ್' ನನ್ನದಲ್ಲ. ನೆನಪು ಸುಳ್ಳಾಯಿತೆಂದು ಇಷ್ಟು ಖುಷಿಪಟ್ಟದ್ದು ಇದೇ ಮೊದಲು. ಫೋಟೋ ತೆಗೆದವಳು ನಾನಾಗಿದ್ದರೆ ಅಪ್ಪನಿಂದ ನಾಲ್ಕು ಮಾರು ದೂರ ನಿಂತಿರುತ್ತಿದ್ದೆ.

ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಮಲಾಪುರಕ್ಕೆ ಒಯ್ದೆ. ಅತ್ತೆ ಅದನ್ನು ಹಿಡಿದು ಬಾಗಿಲ ಬೆಳಕಿಗೆ ಹೋದಳು. ಅಣ್ಣನ ಕತ್ತರಿಸಿದ ನೆತ್ತಿಯ ಮೇಲೆ ಬೆರಳಾಡಿಸಿದಳು. ಆಮೇಲೆ ಅವಳ ತೋರುಬೆರಳು ಪಟದ ಅಂಚಿನಲ್ಲಿ, ಕ್ಯಾಮೆರಾದ ಗುಂಡಿ ಒತ್ತುವಂತೆ, ಒಮ್ಮೆ ಬಾಗಿತು. ಮೆಲ್ಲಗೆ ಹತ್ತಿರ ಹೋಗಿ ಕೇಳಿದೆ:

"ಅತ್ತೀ, ಅಪ್ಪ ಯಾರನ್ನ ನೋಡಿ ಹಿಂಗ ನಗಲಕತ್ತಾನ?"