ಕೆನ್ನೆಯ ಮೇಲೊಂದು ದೃಷ್ಟಿಬೊಟ್ಟು

"ತಡೀರಿ, ಕೆನ್ನಿ ಮ್ಯಾಲೆ ಅದೇನ್ರಿ?" ಎನ್ನುತ್ತ ಫೋಟೊಗ್ರಾಫರ್ ಕ್ಯಾಮೆರಾ ಕೆಳಗಿಳಿಸಿದರು. ಕನ್ನಡಿ ನೋಡಿಕೊಂಡರೆ ನನ್ನ ಎಡಗೆನ್ನೆಯ ಮೇಲೆ ದುಂಡಗೆ ಕಾಡಿಗೆಯ ಬೊಟ್ಟು!

ಮಾಡೆಲಿಂಗ್ ಅವಕಾಶ ಕೇಳಲು ಬೇಕಾದ ಫೋಟೊಗಳಿಗಾಗಿ ಹುಬ್ಬಳ್ಳಿಯಲ್ಲಿ ಸ್ಟುಡಿಯೊ ಸಿಕ್ಕಿದ್ದು ಒಂದೇ ತಾಸಿಗೆ. ಪಾರ್ಲರ್‌ಗಳ ದರ ಕೇಳಿಯೇ ಸುಸ್ತಾಗಿದ್ದ ನನಗೆ ದುರ್ಗದಬೈಲಿನ ಬಳೆ ಅಂಗಡಿಯವರು ಹೇಳಿದ ಹೆಸರು ಶಬಾನಾ ಅಕ್ಕನದು. ಮದುಮಗಳ ಮೇಕಪ್ಪೇ ಅವರ ಕಸುಬು. ನನ್ನ ಕೈಗೆಟಕುವ ದುಡ್ಡಿಗೆ ಒಪ್ಪಿ, ಸ್ಟುಡಿಯೊಗೇ ಬಂದು, ಎಷ್ಟು ಚೆಂದ ಮೇಕಪ್ ಮಾಡಿದ್ದರು! ಕೊನೆಗೆ ಮದುಮಗಳಿಗೆ ಇಡುವ ಹಾಗೆ ದೃಷ್ಟಿಬೊಟ್ಟನ್ನೂ ಇಟ್ಟುಬಿಟ್ಟಿದ್ದರು.

"ಅಯ್ಯ, ಕೈಗೆ ರೂಢಿ ಆಗೈತ್ರಿ! ಮೇಕಪ್ ಮುಗದ ಕೂಡ್ಲೇ ತಾನಾ ಇಟ್ಟುಬಿಡತೈತಿ," ಎಂದು ಅಕ್ಕ ಒರೆಸಲು ಓಡಿಬಂದರು.

"ಒರಸಬ್ಯಾಡ್ರಿ ಅಕ್ಕಾರ, ಹಂಗ ಇರ್ಲಿ! ಅದರಿಂದಾನ ಮುಖಕ್ಕ ಕಳೆ ಬಂದೈತಿ!" ಎಂದು ಫೋಟೊಗ್ರಾಫರ್ ಕೂಗಿದರು. ನನಗೆ ನಗು ತಡೆಯಲಾಗಲಿಲ್ಲ. ಆ ನಗು, ಆ ಬೊಟ್ಟು ಎರಡೂ ಒಟ್ಟಿಗೆ ಸೆರೆಯಾದವು.

ಈಗ ನನ್ನ ಆಲ್ಬಮ್ಮಿನ ಮೊದಲ ಪುಟದಲ್ಲಿರುವುದು ಅದೇ ಫೋಟೊ. ಮೊನ್ನೆ ಸೀರೆ ಅಂಗಡಿಯೊಂದರ ಜಾಹೀರಾತಿಗೆ ಕರೆ ಬಂತು. ಅವರದು ಒಂದೇ ಷರತ್ತು: "ಆ ಬೊಟ್ಟು ಇಟ್ಟವರನ್ನೂ ಕರಕೊಂಡ ಬರ್ರಿ."