ಅಪ್ಪನ ಉಸಿರಿಗೆಂದು ಕಡಲಿಗೆ ಹೋದದ್ದು

ಅಪ್ಪನನ್ನು ಕಡಲ ದಂಡೆಗೆ ಕರೆದೊಯ್ಯುವುದೆಂದು ತಮ್ಮ ತೀರ್ಮಾನಿಸಿದ್ದು ಡಾಕ್ಟರರ ಮೇಲಿನ ಸಿಟ್ಟಿನಿಂದ. ಹೈದರಾಬಾದಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದವರು, ಎದೆಯೊಳಗೆ ಕೂತ ಕಲ್ಲಿನ ಪುಡಿ ಇನ್ನು ಹೊರಗೆ ಬರುವುದಿಲ್ಲ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದಿದ್ದರು. ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಕಲ್ಲು ಕೊಯ್ಯುವ ಯಂತ್ರದ ಮುಂದೆ ಅಪ್ಪ ಅರ್ಧ ಆಯುಷ್ಯ ಕಳೆದಿದ್ದರು. ಕೊಡಂಗಲ್‌ನ ಸೋದರಮಾವ, ಯಾರೋ ಸಮುದ್ರದ ಗಾಳಿ ಕುಡಿದು ಗುಣವಾದ ಕತೆ ಹೇಳಿದ. ತಮ್ಮನಿಗೆ ಅಷ್ಟೇ ಸಾಕಾಯಿತು.

ತೊಗರಿ ಸಾಗಿಸುವ ತನ್ನ ವ್ಯಾನನ್ನು ತೊಳೆದು, ಒಳಗೆ ಮಂಚ ಕೂರಿಸಿ, ಪಕ್ಕದ ತಗಡಿಗೆ ಕಿಟಕಿ ಕೊರೆಸಿ, ಅವ್ವನ ಹಳೆಯ ಸೀರೆಯ ಪರದೆ ಕಟ್ಟಿದ. ಒಂದು ಮೂಲೆಗೆ ಗ್ಯಾಸ್ ಒಲೆ, ಇನ್ನೊಂದಕ್ಕೆ ಆಕ್ಸಿಜನ್ ಸಿಲಿಂಡರ್. ಎರಡನ್ನೂ ಒಂದೇ ಗಾಡಿಯಲ್ಲಿಟ್ಟುಕೊಂಡು ಹೊರಟ ಬುದ್ಧಿವಂತರು ನಾವು. ಜಹೀರಾಬಾದಿನ ಗಂಡನ ಮನೆಯಿಂದ ನಾನೂ ಬಂದು ಸೇರಿಕೊಂಡೆ. ಅವ್ವನದು ಒಂದೇ ಮಾತು: ದಾರಿಯಲ್ಲಿ ಏನಾದರೂ ಆದರೆ, ಗುರುತು ಪರಿಚಯ ಇಲ್ಲದ ಊರಲ್ಲಿ ಏನು ಮಾಡುವುದು? ತಮ್ಮ ಅವಳನ್ನು ಗದರಿಸಿದ, ನಾನು ತಮ್ಮನನ್ನು ಗದರಿಸಿದೆ. ಅಷ್ಟರಲ್ಲಿ ಅಪ್ಪ ಸುಮ್ಮನೆ ಹತ್ತಿ ಮಂಚದ ಮೇಲೆ ಕೂತಿದ್ದರು. ಮಗ ಇಷ್ಟು ಒದ್ದಾಡಿದ್ದಾನಲ್ಲ ಎಂದು ಹೊರಟರೇ ಹೊರತು ಗುಣವಾಗುವ ಆಸೆ ಅವರಿಗಿರಲಿಲ್ಲ ಎಂದೇ ನನಗೆ ಈಗಲೂ ಅನ್ನಿಸುತ್ತದೆ.

ಕಾರವಾರ ದಾಟಿದ ಮೇಲೆ ದೊಡ್ಡ ರಸ್ತೆ ಬಿಟ್ಟು ಕಡಲಿಗೆ ಅಂಟಿಕೊಂಡ ಸಣ್ಣ ದಾರಿಗಳನ್ನು ಹಿಡಿದೆವು. ತೆಂಗು, ಗಾಳಿಮರ, ಕೆಸರಿನ ವಾಸನೆಯ ಹಿನ್ನೀರು, ಜನರ ಸುಳಿವೇ ಇಲ್ಲದ ಉದ್ದನೆಯ ಮರಳು. ನೋಡಲು ಚಂದ, ಸುಳ್ಳು ಹೇಳಲಾರೆ. ಆದರೆ ಆ ಗಾಳಿ ಒದ್ದೆ ಬಟ್ಟೆಯ ಹಾಗೆ ಮುಖಕ್ಕೆ ಅಂಟುತ್ತಿತ್ತು. ಒಂದೊಂದು ಉಸಿರಿಗೂ ಅಪ್ಪ ಭುಜ ಎತ್ತಿ ಹೆಣಗುತ್ತಿದ್ದರು. ತಮ್ಮ ಗಾಡಿ ನಿಲ್ಲಿಸಿದಾಗಲೆಲ್ಲ ಒಳಗೆ ಇಣುಕಿ, ಮುಖದಲ್ಲಿ ಕಳೆ ಬಂದಿದೆ ಎನ್ನುತ್ತಿದ್ದ. ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸುತ್ತಿತ್ತು ನನಗೆ.

ಅವ್ವ ಒಂದು ಗಂಟು ಜೋಳದ ಕಡಕ್ ರೊಟ್ಟಿ ತಂದಿದ್ದಳು. ಬಡಿದು, ಬೇಯಿಸಿ, ಒಲೆಯ ಮಗ್ಗುಲಲ್ಲಿ ನಿಲ್ಲಿಸಿ ಒಣಗಿಸಿದ ಈ ರೊಟ್ಟಿ ನಮ್ಮ ಕಡೆ ತಿಂಗಳಾದರೂ ಕೆಡುವುದಿಲ್ಲ. ಅಪ್ಪನಿಗೆ ಅನ್ನ ಸೇರದು. ರೊಟ್ಟಿ ಪುಡಿ ಮಾಡಿ ಮಜ್ಜಿಗೆಯಲ್ಲಿ ಕಲಸಿಕೊಟ್ಟರೆ ನಾಲ್ಕು ತುತ್ತು ಹೋಗುತ್ತಿತ್ತು. ಒಂದು ಬೆಳಿಗ್ಗೆ ಗಂಟು ಬಿಚ್ಚಿದರೆ ಎಲ್ಲವೂ ಮೆತ್ತಗಾಗಿ, ಒಂದಕ್ಕೊಂದು ಅಂಟಿ, ಹಸಿರು ಬೂಸ್ಟು ಹಿಡಿದಿದ್ದವು. ಹೀಗಾದೀತೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಒಣ ಸೀಮೆಯವರಿಗೆ ಎಲ್ಲಿಂದ ಹೊಳೆಯಬೇಕು? ಅವ್ವ ಬೂಸ್ಟಿಲ್ಲದ ತುಂಡುಗಳನ್ನು ಆರಿಸಿ ಬಿಸಿಲಿಗೆ ಹರವಿದಳು, ಅವನ್ನೂ ಕಾಗೆಗಳು ಎತ್ತಿಕೊಂಡು ಹೋದವು. ಆಗ ಅವಳು ಕೂತು ಅತ್ತಳು. ನಾನು ತಮ್ಮನ ಮೇಲೆ ಹರಿಹಾಯ್ದೆ. ಈ ಗಾಳಿ ರೊಟ್ಟಿಯನ್ನೇ ಹೀಗೆ ಮಾಡಿದರೆ ಅಪ್ಪನ ಎದೆಯನ್ನು ಇನ್ನೇನು ಮಾಡೀತು ಎಂದು ಕೇಳಿದೆ.

ಸಂಜೆ ಅಪ್ಪ ಮರಳಿಗೆ ಇಳಿಸು ಎಂದು ಕೈಸನ್ನೆ ಮಾಡಿದರು. ಇಬ್ಬರೂ ತೋಳು ಹಿಡಿದು ಇಳಿಸಿ ಕೂರಿಸಿದೆವು. ಸ್ವಲ್ಪ ಹೊತ್ತು ಅಲೆ ನೋಡಿದ ಅಪ್ಪ ಬಲಗೈಯಿಂದ ಮರಳು ಕೆದರತೊಡಗಿದರು. ಅವರಿಗೆ ಉತ್ಸಾಹ ಬಂದಿದೆ ಎಂದುಕೊಂಡ ತಮ್ಮ ತಾನೂ ಮೊಣಕಾಲೂರಿ ತೋಡಿದ. ಮೊಳದಷ್ಟು ಆಳಕ್ಕೆ ಹೋಗುವುದರೊಳಗೆ ನೀರು ಜಿನುಗಿ, ಸುತ್ತಲ ಮರಳು ಕುಸಿದು ಗುಂಡಿ ಮುಚ್ಚಿಹೋಯಿತು. ಅಪ್ಪ ಇನ್ನೊಂದು ಕಡೆ ಕೆದರಿದರು. ಅಲ್ಲಿಯೂ ಅದೇ.

ನಮ್ಮವರಲ್ಲಿ ಸತ್ತವರನ್ನು ಸುಡುವುದಿಲ್ಲ, ಕುಣಿ ತೋಡಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣಿನಲ್ಲಿ ಕೂರಿಸುತ್ತೇವೆ. ನಾಗಲಗಿದ್ದದ ಹತ್ತಿರದ ನಮ್ಮ ಊರಲ್ಲಿ ಯಾರು ತೀರಿಕೊಂಡರೂ ಆ ಕುಣಿಯ ಅಳತೆ ನೋಡಲು ಅಪ್ಪನನ್ನೇ ಕರೆಯುತ್ತಿದ್ದರು. ನನಗೆ ಇದು ಹೊಳೆಯುವಷ್ಟರಲ್ಲಿ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

“ಇಲ್ಲಿ ಕುಂದ್ರಸಾಕ ಬರಂಗಿಲ್ಲೋ ಮಗಾ,” ಎಂದರು ಅಪ್ಪ, ಒಂದೊಂದು ಮಾತಿಗೂ ನಿಂತು. “ಕುಣ್ಯಾಗ ನೀರು ಬರ್ತದ. ಉಸಿರು ಇರೋತನಕ ನನಗ ಊರು ಮುಟ್ಟಸು.”

ತಮ್ಮ ಆಗಲೇ ಗಾಡಿ ತಿರುಗಿಸಿದ. ಬದುಕಿಸಿಕೊಳ್ಳಲು ಕರೆತಂದವನು ಈಗ ಹೂಳುವ ಜಾಗಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟಿಸಲು ಓಡಿಸುತ್ತಿದ್ದ. ಮುಟ್ಟಿಸಿದ. ಅದೇ ವಾರ ಅಪ್ಪ ಹೋದರು.

ಹೊಲದ ಬದುವಿನ ಗಟ್ಟಿ ಕೆಂಪು ಮಣ್ಣಿನಲ್ಲಿ ಕುಣಿ ತೋಡಿದ್ದಾಯಿತು. ಅಳತೆ ನೋಡುವವರು ಯಾರೂ ಇರಲಿಲ್ಲ. ತಮ್ಮ ತಾನೇ ಒಳಗಿಳಿದು, ಕಾಲು ಮಡಚಿ, ಅಪ್ಪನ ಹಾಗೆ ಕೂತು ನೋಡಿದ. ಇಬ್ಬರದೂ ಒಂದೇ ಎತ್ತರ.