ನಾಲ್ಕು ಮೂಲೆಗೆ ಕಲ್ಲು

ಅವತ್ತು ಭಾನುವಾರ. ನಮ್ಮ ಮನೆಯವರು ಸೋರುತ್ತಿದ್ದ ನಲ್ಲಿ ಬಿಚ್ಚಿಕೊಂಡು ಕೂತಿದ್ದರು. ಅಡಿಗೆಮನೆ ತುಂಬ ನೀರು.

"ಬಂಡೆ ಮೇಲೆ ಒಂದೇ ಕಾಲೂರಿಸಿ ಅಷ್ಟು ದೊಡ್ಡ ಹೆಲಿಕಾಪ್ಟರ್ ನಿಲ್ಲಿಸ್ತೀರಿ, ಒಂದು ನಲ್ಲಿ ಬಗ್ಗಲ್ವಾ?" ಅಂದೆ.

"ಅದು ಹೇಳಿದ ಮಾತು ಕೇಳತ್ತೆ. ಇದು ನಿನ್ನ ಹಾಗೆ ಕಣೇ" ಅಂದರು.

ಉಂಡು ಮಲಗಿಬಿಟ್ಟರು. ಬೆಟ್ಟದ ರಸ್ತೆ ಕುಸಿದು ಇಪ್ಪತ್ತು ದಿನ ಆಗಿತ್ತು. ಮೇಲಿನ ಊರುಗಳಿಗೆ ಅಕ್ಕಿ, ಔಷಧಿ, ಅಲ್ಲಿಂದ ಕಾಯಿಲೆಯವರು, ಎಲ್ಲಾ ಇವರ ತಲೆ ಮೇಲೆ.

ಮಾರನೇ ದಿನ ಬೆಳಗ್ಗೆ ಮಂಚದ ಅಂಚಲ್ಲಿ ಕೂತು, ಇವತ್ತು ರಜೆ ಹಾಕಲಾ ಅಂದರು. ಯಾವತ್ತೂ ಹಾಗೆ ಕೇಳಿದವರಲ್ಲ. ಮನೇಲಿದ್ದರೆ ಇನ್ನೊಂದು ನಲ್ಲಿ ಬಿಚ್ಚುತ್ತೀರಿ, ಹೋಗಿ ಅಂದೆ. ಹೋದರು. ಬರಲಿಲ್ಲ.

ಕಂಪನಿಯಿಂದ ಕಾಗದ ಬಂತು. ನನಗೆ ಕೂಡಿಸಿ ಓದೋದೇ ಕಷ್ಟ, ತಂಗಿ ಓದಿದಳು. ಪೈಲಟ್ ದಣಿದಿದ್ದರು, ಇಳಿಸುವಾಗ ತಪ್ಪಿದರು ಅಂತ ಇತ್ತು. ಹುಲ್ಲು ಬಾಗಿದ್ದು ನೋಡಿ ಗಾಳಿ ಹೇಳುತ್ತಿದ್ದ ಮನುಷ್ಯ. ಆದರೆ ದಣಿದಿದ್ದು ನಿಜ. ಕಳಿಸಿದವಳು ನಾನು. ಎರಡು ತಿಂಗಳು ಅದನ್ನೇ ನುಂಗಿಕೊಂಡಿದ್ದೆ, ತಂಗಿಗೂ ಹೇಳಲಿಲ್ಲ.

ಆಮೇಲೆ ಇವರ ಮೆಕ್ಯಾನಿಕ್ ಬಂದ. ಹದಿನಾಲ್ಕು ವರ್ಷ ಜೊತೆಗಿದ್ದವನು, ನನಗೆ ಮೈದುನ ಇದ್ದ ಹಾಗೆ. ಕಾಫಿ ಮುಟ್ಟಲಿಲ್ಲ. ಹೆಲಿಕಾಪ್ಟರ್ ಬಿದ್ದ ಊರಿಗೆ ತಾನೇ ನಡೆದು ಹೋಗಿ ವಿಚಾರಿಸಿದ್ದನಂತೆ. ಇಳಿಯೋ ಜಾಗ ಕಾಣಲಿ ಅಂತ ಅಲ್ಲಿಯವರು ಬಿಳಿ ಬೆಡ್‌ಶೀಟ್ ಹಾಸಿ ನಾಲ್ಕು ಮೂಲೆಗೆ ಕಲ್ಲಿಡುತ್ತಾರೆ. ಅವತ್ತು ಇಟ್ಟ ಕಲ್ಲು ಸಣ್ಣವು. ರೆಕ್ಕೆಯ ಗಾಳಿಗೆ ಬಟ್ಟೆ ಎದ್ದು ಬಾಲದ ಫ್ಯಾನಿಗೆ ಸುತ್ತಿಕೊಂಡಿತು.

"ಅತ್ತಿಗೆ, ಹತ್ತು ದಿನ ನಿದ್ದೆ ಮಾಡಿ ಬಂದಿದ್ರೂ ಅಣ್ಣನ ಕೈಲಿ ಏನೂ ಆಗ್ತಿರಲಿಲ್ಲ. ಅಷ್ಟರಲ್ಲೂ ಜನ ಇಲ್ಲದ ಕಡೆ ತಿರುಗಿಸಿದ್ದಾರೆ."

"ಹಾಸಿದ್ದು ಯಾರು?"

"ಒಬ್ಬ ಮುದುಕಿ. ಅವಳ ಸೊಸೆಗೇ ಹೆರಿಗೆ ನೋವು."

ಸೊಸೆ ಏನಾದಳು ಅಂತ ಕೇಳಿದೆ. ಹೆತ್ತಳಂತೆ, ಇಬ್ಬರೂ ಚೆನ್ನಾಗಿದ್ದಾರಂತೆ.

ಮುದುಕಿಯನ್ನು ಬೈಯೋಕೆ ಬಾಯಿ ಬರಲಿಲ್ಲ. ಎದೆ ಹಗುರಾಯಿತಾ ಅಂದರೆ ಅದೂ ಇಲ್ಲ. ತಪ್ಪು ಇವರದಲ್ಲ, ಅಷ್ಟು ಗೊತ್ತಾಯಿತು. ಹೋಗಿ ಅಂದಿದ್ದು ನನ್ನ ಬಾಯೇ, ಅದು ಹಾಗೇ ಇದೆ.

ಈಗ ಹೊಸ ಪೈಲಟ್ ಬಂದಿದ್ದಾರೆ. ಹೆಲಿಪ್ಯಾಡ್ ನಮ್ಮ ಮನೆ ಹಿಂದೆಯೇ. ದಿನಾ ಬೆಳಗ್ಗೆ ಅವರು ಹೊರಡೋ ಮುಂಚೆ ಹೋಗಿ ಗುಡಿಸುತ್ತೇನೆ. ನಿಮಗ್ಯಾಕಮ್ಮ ಅಂತ ವಾಚ್‌ಮನ್ ಗೊಣಗುತ್ತಾನೆ. ಪ್ಲಾಸ್ಟಿಕ್ ಕವರು, ಕಾಗದ, ಯಾರದೋ ಕರ್ಚೀಫು, ಸಿಕ್ಕಿದ್ದೆಲ್ಲ ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತೇನೆ. ಗಂಟು ಎರಡು ಸಲ ಎಳೆದು ನೋಡಿ ಮನೆಗೆ ಬರುತ್ತೇನೆ.